ಆ ಕಂಪ್ಯೂಟರ್ ಗುಜರಿಗೆ ಹಾಕಬೇಡ ಪುಟ್ಟಾ

ಪುಟ್ಟಾ, ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ ಫೋಟೋ ಈಗ ನೋಡಿದೆ. ಅಟ್ಟದಿಂದ ಇಳಿಸಿದ ಅಜ್ಜನ ಕಂಪ್ಯೂಟರು, ಪಕ್ಕದಲ್ಲಿ ಫ್ಲಾಪಿ ಡಬ್ಬ. ‘ನಾಳೆ ಗುಜರಿಯವನು ಬರ್ತಾನೆ, ಕೊಟ್ಟುಬಿಡ್ಲಾ ಅತ್ತೆ’ ಅಂತ ಕೇಳಿದೀಯ. ಬೇಡ ಮಾರಾಯ, ಕೊಡಬೇಡ. ಇದನ್ನೆಲ್ಲ ಟೈಪ್ ಮಾಡೋಕಾಗಲ್ಲ ಅಂತ ಮಾತಲ್ಲೇ ಹೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಎಲ್ರೂ ಪೂರ್ತಿ ಕೇಳಿ.

ಅದು ಬಂದಿದ್ದು 1999ರಲ್ಲಿ, ಅಪ್ಪಯ್ಯ ರಿಟೈರ್ ಆದ ವರ್ಷ. ಗ್ರಾಚ್ಯುಟಿ ದುಡ್ಡು ಕೈಗೆ ಬಂದಾಗ ಎಲ್ರೂ ಒಂದು ಸೈಟ್ ಮಾಡಿಕೊಳ್ಳಿ ಅಂದ್ರು. ಅಪ್ಪಯ್ಯ ಕಂಪ್ಯೂಟರ್ ಬೇಕು ಅಂದ್ರು. ಹೈಸ್ಕೂಲಲ್ಲಿ ಜೀವನಪೂರ್ತಿ ಕನ್ನಡ ಪಾಠ ಮಾಡಿದವರು, ಕಂಪ್ಯೂಟರ್ ಇಟ್ಟುಕೊಂಡು ಏನು ಮಾಡ್ತಾರೆ ಅಂತ ಬೀದಿಗೆಲ್ಲ ಕುತೂಹಲ. ನಿಮ್ಮಪ್ಪ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಒಂದೊಂದೇ ಭಾಗ ಆರಿಸಿ ಅಸೆಂಬಲ್ ಮಾಡಿಸಿಕೊಂಡು ಬಂದ. ಸೆಲೆರಾನ್ ಪ್ರೊಸೆಸರ್, 32 ಎಂಬಿ ರ‍್ಯಾಮ್, 4.3 ಜಿಬಿ ಹಾರ್ಡ್ ಡಿಸ್ಕ್, 14 ಇಂಚಿನ ಕಲರ್ ಮಾನಿಟರ್, ವಿಂಡೋಸ್ 98. ಎಲ್ಲ ಸೇರಿ ಸುಮಾರು 40,000 ರೂಪಾಯಿ. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಬೆಂಗಳೂರಿಂದ ಶಿವಮೊಗ್ಗದವರೆಗೆ ರಾತ್ರಿ ಬಸ್ಸಲ್ಲಿ ಆ ಮಾನಿಟರನ್ನ ತೊಡೆ ಮೇಲೇ ಇಟ್ಟುಕೊಂಡು ಬಂದಿದ್ದ ಅವನು. ಅಣ್ಣಾ, ನೆನಪಿದೆಯಾ ನಿನಗೆ?

ಮೊದಮೊದಲು ಎಲ್ರ ಮನೇಲೂ ನಡೆದದ್ದೇ ನಮ್ಮಲ್ಲೂ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು, ಮೇಲೆ ಬಟ್ಟೆ ಹೊದಿಸಬೇಕು, ಆಯುಧಪೂಜೆಗೆ ಸಿಪಿಯುಗೆ ಕುಂಕುಮ. ಮಕ್ಕಳೆಲ್ಲ ಡೇವ್ ಗೇಮ್ ಆಡೋಕೆ ಸರದಿ ಕಾಯ್ತಿದ್ರು. ಆಮೇಲೆ ಮೋಡೆಮ್ ಬಂತು, ಇಂಟರ್ನೆಟ್ ಹಾಕಿದರೆ ಫೋನ್ ಎಂಗೇಜು. ಅದೆಲ್ಲ ನಿಮಗೆ ಕೇಳಿ ಕೇಳಿ ಸಾಕಾಗಿರುತ್ತೆ, ಬಿಡು.

ನಾನು ಹೇಳಬೇಕಾದ್ದು ಬೇರೆ. ಅಪ್ಪಯ್ಯ ಅದನ್ನ ತಗೊಂಡಿದ್ದೇ ಅಮ್ಮನ ಹಾಡಿಗೋಸ್ಕರ. ನಿಮ್ಮಜ್ಜಿಗೆ ಎಷ್ಟು ಹಾಡು ಬರ್ತಿತ್ತು ಅಂತ ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ. ತೀರ್ಥಹಳ್ಳಿ ಕಡೆಯವರು ಅವರು. ಹಸೆಗೆ ಕರೆಯೋ ಹಾಡು, ಎಣ್ಣೆ ಹಚ್ಚೋ ಹಾಡು, ಆರತಿ ಹಾಡು, ಬೀಗರನ್ನ ಹಂಗಿಸೋ ಹಾಡು, ಎಲ್ಲ ಅವರ ಅಜ್ಜಿಯಿಂದ ಬಾಯಿಪಾಠವಾಗಿ ಬಂದದ್ದು. ಎಲ್ಲೂ ಬರೆದಿಟ್ಟಿರಲಿಲ್ಲ. ‘ಇವಳ ಜೊತೆಗೇ ಇದೆಲ್ಲ ಹೋಗಬಾರದು’ ಅಂತ ಅಪ್ಪಯ್ಯ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ.

ಅಮೆರಿಕದಲ್ಲಿದ್ದ ಶೇಷಾದ್ರಿ ವಾಸು ಅವರು 1998ರಲ್ಲಿ ‘ಬರಹ’ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದ್ರು. ಅದನ್ನ ಡಿಟಿಪಿ ಅಂಗಡಿಯ ಹುಡುಗನ ಹತ್ತಿರ ಫ್ಲಾಪಿಲಿ ಹಾಕಿಸಿಕೊಂಡು ಬಂದ್ವಿ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತೆ. ಕನ್ನಡ ಮೇಷ್ಟ್ರಿಗೆ ಅದು ಒಗ್ಗೋಕೆ ಸ್ವಲ್ಪ ದಿನ ಹಿಡೀತು, ಆದರೆ ಪರದೆ ಮೇಲೆ ಒತ್ತಕ್ಷರ ಸರಿಯಾಗಿ ಕೂತದ್ದು ನೋಡಿ ಅವರ ಮುಖ ಅರಳಿದ್ದನ್ನ ನಾನು ಮರೆಯಲ್ಲ. ಒಂದೇ ಬೆರಳಲ್ಲಿ ಹೊಡೀತಿದ್ರು. ಒಂದು ಸಾಲು ಮುಗಿದರೆ ಕಂಟ್ರೋಲ್ ಎಸ್, ಇನ್ನೊಂದು ಸಾಲು, ಮತ್ತೆ ಕಂಟ್ರೋಲ್ ಎಸ್. ಕರೆಂಟ್ ಯಾವಾಗ ಹೋಗುತ್ತೋ ಅಂತ ಭಯ, ಯುಪಿಎಸ್ ಕುಂಯ್ ಅಂತ ಕೂಗಿದ ತಕ್ಷಣ ಎಲ್ಲ ಮುಚ್ಚಬೇಕು.

ಅಮ್ಮನ ಕಷ್ಟ ಇನ್ನೊಂದು ಥರ. ಅವರಿಗೆ ಹಾಡನ್ನ ಬರೀ ಮಾತಲ್ಲಿ ಹೇಳೋಕೆ ಬರ್ತಿರಲಿಲ್ಲ. ರಾಗದಲ್ಲಿ ಹಾಡಿದರೆ ಮಾತ್ರ ಸಾಲು ಬರ್ತಿತ್ತು. ಅಪ್ಪಯ್ಯ ‘ನಿಲ್ಲು ನಿಲ್ಲು, ಟೈಪ್ ಆಗಲಿ’ ಅಂದ್ರೆ ಅಲ್ಲಿಗೆ ಕಡಿದುಹೋಗೋದು, ಮತ್ತೆ ಮೊದಲಿಂದ ಹಿಡೀಬೇಕು. ಎರಡನೇ ಸಲ ಹಾಡಿದಾಗ ಪದ ಬೇರೆ ಇರ್ತಿತ್ತು. ಯಾವುದು ಸರಿ ಅಂತ ಅಪ್ಪಯ್ಯ ಕೇಳಿದರೆ, ‘ಎರಡೂ ಸರೀನೇ, ಹುಡುಗಿ ಮನೆಯಾದ್ರೆ ಇದು, ಹುಡುಗನ ಮನೆಯಾದ್ರೆ ಅದು’ ಅನ್ನೋರು. ಅಪ್ಪಯ್ಯ ಎರಡನ್ನೂ ಬರೆದುಕೊಂಡ್ರು. ಈಗ ಯೋಚಿಸಿದರೆ, ಅಷ್ಟು ತಾಳ್ಮೆಯಿಂದ ಹಾಡು ಕೂಡಿಸೋರು ಯೂನಿವರ್ಸಿಟಿಯಲ್ಲೂ ಕಡಿಮೆ ಅನ್ಸುತ್ತೆ.

ಆಗ ನಾನೊಂದು ಮೈಕ್ ತಂದೆ. ವಿಂಡೋಸಲ್ಲಿ ಸೌಂಡ್ ರೆಕಾರ್ಡರ್ ಅಂತ ಇತ್ತಲ್ಲ, ಅದು ಒಂದು ಸಲಕ್ಕೆ 60 ಸೆಕೆಂಡ್ ಮಾತ್ರ ತಗೊಳ್ತಿತ್ತು. ಹಾಗಾಗಿ ಅಮ್ಮ ಒಂದು ನಿಮಿಷ ಹಾಡೋದು, ಸೇವ್ ಮಾಡೋದು, ಮತ್ತೆ ಮುಂದಿನ ನುಡಿ. ರೇಡಿಯೋ ಕ್ವಾಲಿಟಿ ಅಂತ ಇಟ್ಟರೆ ಒಂದು ನಿಮಿಷದ ಫೈಲ್ 1.3 ಎಂಬಿ ಚಿಲ್ಲರೆ ಆಗ್ತಿತ್ತು, ಫ್ಲಾಪಿಗೆ ಹಿಡಿಸೋದು 1.44 ಎಂಬಿ. ಒಂದು ಫ್ಲಾಪಿಗೆ ಒಂದು ನಿಮಿಷದ ಅಮ್ಮ. ಆ ಡಬ್ಬದಲ್ಲಿರೋದು ಅದೇ ಕಣೋ. ಲೇಬಲ್ ಮೇಲೆ ಅಪ್ಪಯ್ಯನ ಅಕ್ಷರ ಇರುತ್ತೆ, ಹಾಡಿನ ಹೆಸರು, ಕೆಳಗೆ ನುಡಿ ನಂಬರು. ನೋಡು ಬೇಕಾದ್ರೆ.

ಫ್ಲಾಪಿಗಳಿಗೆ ಬೂಷ್ಟು ಹಿಡಿದಿರಬಹುದು. ಅದಕ್ಕೇ ಹಾರ್ಡ್ ಡಿಸ್ಕ್ ಮುಖ್ಯ. ನನ್ನ ಮದುವೆಗೆ ಒಂದಷ್ಟು ಹಾಡು ಪ್ರಿಂಟ್ ತೆಗೆದು ಹಂಚಿದ್ದು ಬಿಟ್ಟರೆ ಉಳಿದದ್ದೆಲ್ಲ ಅದರೊಳಗೇ ಇದೆ.

ಈಗ ಮಾಡಬೇಕಾದ್ದು ಹೇಳ್ತೀನಿ, ಸರಿಯಾಗಿ ಕೇಳಿಸ್ಕೊ. ಕಂಪ್ಯೂಟರಿಗೆ ಪ್ಲಗ್ ಹಾಕಿ ಆನ್ ಮಾಡೋಕೆ ಹೋಗಬೇಡ. ಇಷ್ಟು ವರ್ಷ ಮಲಗಿದ ಪವರ್ ಸಪ್ಲೈ ಕೈಕೊಟ್ಟರೆ ಡಿಸ್ಕಿಗೂ ಪೆಟ್ಟು. ಸಿಪಿಯು ಬಿಚ್ಚಿ ಹಾರ್ಡ್ ಡಿಸ್ಕ್ ಒಂದನ್ನೇ ಹೊರಗೆ ತೆಗಿ. ಹಿಂದೆ ಅಗಲದ ಪಟ್ಟಿ ಕೇಬಲ್ ಇರುತ್ತೆ, ಅದು ಐಡಿಇ ಅನ್ನೋ ಹಳೇ ಥರದ ಡಿಸ್ಕ್ ಕನೆಕ್ಷನ್, 40 ಪಿನ್ನಿಂದು, ಈಗಿನ ಸಾಟಾ ಕನೆಕ್ಷನ್ ಅಲ್ಲ. ನೇರ ಎಳಿ, ಅಲ್ಲಾಡಿಸಿದರೆ ಪಿನ್ ಬಗ್ಗುತ್ತೆ. ಐಡಿಇ ಟು ಯುಎಸ್‌ಬಿ ಕನ್ವರ್ಟರ್ ಸಿಗುತ್ತೆ, ಆದರೆ ಅದರ ಜೊತೆ ಪ್ರತ್ಯೇಕ ಪವರ್ ಅಡಾಪ್ಟರ್ ಇರೋದನ್ನೇ ತಗೋ, ಈ ಡಿಸ್ಕಿಗೆ 12 ವೋಲ್ಟ್ ಬೇಕು, ಬರೀ ಯುಎಸ್‌ಬಿಯಿಂದ ತಿರುಗಲ್ಲ. ಕನೆಕ್ಟ್ ಆದ ತಕ್ಷಣ ಫೋಲ್ಡರ್ ತೆರೆದು ನೋಡ್ತಾ ಕೂರದೆ ಮೊದಲು ಪೂರ್ತಿ ಕಾಪಿ ಮಾಡು. ಕಟಕಟ ಅಂತ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ ನನಗೆ ಫೋನ್ ಮಾಡು, ಡೇಟಾ ತೆಗೆಯೋರ ಹತ್ತಿರ ಕೊಡೋಣ, ಖರ್ಚು ನಂದು.

ಫೈಲ್ ತೆರೆದಾಗ ಅರ್ಥವಿಲ್ಲದ ಚಿಹ್ನೆ ಬಂದರೆ ಹಾಳಾಗಿದೆ ಅಂದ್ಕೋಬೇಡ. ಆಗಿನ ಕನ್ನಡ ಫೈಲ್‌ಗಳು ಯೂನಿಕೋಡ್ ಅಲ್ಲ, ಅಂದ್ರೆ ಈಗ ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗೋ ಅಕ್ಷರ ಸಂಕೇತದಲ್ಲಿ ಇಲ್ಲ. ವಿಂಡೋಸಿಗೆ ಯೂನಿಕೋಡ್ ಕನ್ನಡ ಬಂದಿದ್ದೇ 2001ರ ಎಕ್ಸ್‌ಪಿಯಲ್ಲಿ. ಅದಕ್ಕೆ ಮುಂಚಿನದೆಲ್ಲ ಫಾಂಟ್ ಮೇಲೆ ನಿಂತಿದ್ದು, ಆ ಫಾಂಟ್ ಇಲ್ಲದಿದ್ದರೆ ಓದೋಕಾಗಲ್ಲ. ಪರಿವರ್ತನೆ ಮಾಡೋ ತಂತ್ರಾಂಶ ಇದೆ. ಅದು ನನ್ನ ಪಾಲಿಗಿರಲಿ, ಒಂದೊಂದು ಸಾಲೂ ಕೂತು ನೋಡ್ತೀನಿ.

ಅತ್ತಿಗೆ, ಜಾಗ ಖಾಲಿ ಆಗಬೇಕು ಅಂತ ನೀವು ಹೇಳೋದೂ ನ್ಯಾಯವೇ. ಮಾನಿಟರ್, ಕೀಬೋರ್ಡ್ ಕೊಟ್ಟುಬಿಡಿ. ಮಾನಿಟರನ್ನ ಮಾತ್ರ ಇ-ವೇಸ್ಟ್ ತಗೊಳ್ಳೋರಿಗೇ ಕೊಡಿ, ಆ ಗಾಜಲ್ಲಿ ಸೀಸ ಇರುತ್ತೆ, ಗುಜರಿಯವರು ಒಡೆದು ಎಲ್ಲೋ ಸುರೀತಾರೆ.

ಇನ್ನು ಚಿಕ್ಕಮ್ಮಾ, ನೀವೂ ಗ್ರೂಪಲ್ಲಿದೀರಿ, ಕೇಳಿಸ್ಕೊಳ್ತಿದೀರಿ ಅಂದ್ಕೊಂಡಿದೀನಿ. ಬೀಗರ ಹಾಡು ಅಮ್ಮನಿಗೆ ಪೂರ್ತಿ ನೆನಪಿರಲಿಲ್ಲ, ‘ಕೊನೇ ನುಡಿಗಳು ತಂಗಿಗೇ ಗೊತ್ತು’ ಅಂತ ಅರ್ಧಕ್ಕೇ ಬಿಟ್ಟಿದ್ರು. ಈಗ ಒಂದು ನಿಮಿಷದ ಲೆಕ್ಕ ಏನಿಲ್ಲ. ನಿಧಾನವಾಗಿ ಕೂತು, ನೀರು ಕುಡಿದು, ಉಳಿದ ನುಡಿ ಹಾಡಿ ಇಲ್ಲಿಗೇ ಕಳಿಸಿ.