ಉತ್ತರ ಕನ್ನಡದಲ್ಲಿ ಹಿರಿಯರೂ ಮಕ್ಕಳೂ ನಡೆಯಬಹುದಾದ ಸುಲಭದ ಹಾದಿಗಳು ಯಾವುವು?

ಪ್ರಶ್ನೆ: ಧಾರವಾಡದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಾಲ್ಕು ದಿನಗಳ ಮಟ್ಟಿಗೆ ಕುಟುಂಬದೊಂದಿಗೆ ಉತ್ತರ ಕನ್ನಡಕ್ಕೆ ಬರಬೇಕೆಂದಿದ್ದೇವೆ. ನನ್ನ ಮತ್ತು ಯಜಮಾನರ ಜೊತೆಗೆ ಅರವತ್ತೆಂಟು ವರ್ಷದ ನನ್ನ ತಾಯಿ ಹಾಗೂ ಒಂಬತ್ತು ವರ್ಷದ ಮಗಳು ಇರುತ್ತಾರೆ. ತಾಯಿಯವರು ಸಮತಟ್ಟಾದ ನೆಲದಲ್ಲಿ ಒಂದೂವರೆ ಗಂಟೆ ದಣಿವಿಲ್ಲದೆ ನಡೆಯಬಲ್ಲರು, ಏರುವುದಕ್ಕೂ ಅಂಜುವುದಿಲ್ಲ. ಆದರೆ ಇಳಿಜಾರಿನಲ್ಲಿ, ಅದರಲ್ಲೂ ಎತ್ತರದ ಮೆಟ್ಟಿಲುಗಳನ್ನು ಇಳಿಯುವಾಗ, ಅವರಿಗೆ ಮೊಣಕಾಲು ನೋಯುತ್ತದೆ. ಮಗಳಿಗೆ ನಡೆಯುವ ಶಕ್ತಿ ಇದೆ, ತಾಳ್ಮೆ ಕಡಿಮೆ.

ಗಾಡಿಯಲ್ಲಿ ಕುಳಿತು, ಒಂದೊಂದು ಜಾಗದ ಮುಂದೆ ಇಳಿದು ಫೋಟೋ ತೆಗೆದು ಮುಂದೆ ಹೋಗುವ ಪ್ರವಾಸ ನಮಗೆ ಬೇಡ. ದಿನಕ್ಕೆ ಎರಡು ಗಂಟೆಯಾದರೂ ಕಾಲ್ನಡಿಗೆಯಲ್ಲಿ ಇರಬೇಕು, ಕಡಲ ಬದಿಯೂ ಆಗಬೇಕು, ಘಟ್ಟದ ಕಾಡೂ ಆಗಬೇಕು. ಅಂತರ್ಜಾಲದಲ್ಲಿ ಹುಡುಕಿದರೆ ಪ್ರತಿಯೊಂದು ಹಾದಿಯ ಮುಂದೆಯೂ ‘ಸುಲಭ’ ಎಂದು ಬರೆದಿರುತ್ತದೆ, ಯಾರಿಗೆ ಸುಲಭ ಎಂಬುದನ್ನು ಯಾರೂ ಹೇಳುವುದಿಲ್ಲ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿರುವ ತಾಯಿಯವರಿಗೆ ಈ ಎರಡೂ ಸ್ಥಳಗಳನ್ನು ನೋಡುವ ಆಸೆ ಬಹಳ. ಆ ಭಾಗದಲ್ಲಿ ವಾಸವಾಗಿದ್ದು, ಈ ಹಾದಿಗಳಲ್ಲಿ ಸ್ವತಃ ನಡೆದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಮಟಾ ನಿವಾಸಿ

ಮೇಡಂ, ಕಡಲ ಬದಿಯ ಹಾದಿಗಳ ಬಗ್ಗೆ ನಾನು ಹೇಳುತ್ತೇನೆ, ಘಟ್ಟದ ಮೇಲಿನವರು ತಮ್ಮದನ್ನು ಹೇಳಲಿ. ನಮ್ಮ ಕರಾವಳಿಯಲ್ಲಿ ದೊಡ್ಡ ಏರುಗಳು ಎಲ್ಲಿಯೂ ಇಲ್ಲ. ಇಲ್ಲಿನ ಹಾದಿ ಸುಲಭವಾಗುವುದೂ ಕಷ್ಟವಾಗುವುದೂ ನೀವು ಹೊರಡುವ ಹೊತ್ತಿನ ಮೇಲೆ. ಬೆಳಿಗ್ಗೆ ಏಳು ಗಂಟೆಗೆ ಮಗು ಕುಣಿಯುತ್ತ ಹೋಗುವ ಹಾದಿಯಲ್ಲಿ ಹನ್ನೊಂದರ ಮೇಲೆ ದೊಡ್ಡವರೂ ಬಸವಳಿಯುತ್ತಾರೆ, ಏಕೆಂದರೆ ಗೋಕರ್ಣದ ತೀರಗಳ ನಡುವಿನ ಗುಡ್ಡಗಳೆಲ್ಲ ಚಿರೆಕಲ್ಲಿನವು. ಅಲ್ಲಿ ಹುಲ್ಲು ಮತ್ತು ಕುರುಚಲು ಗಿಡಗಳನ್ನು ಬಿಟ್ಟರೆ ನೆರಳಿಲ್ಲ, ಕಲ್ಲು ಬೇಗ ಕಾಯುತ್ತದೆ.

ಗೋಕರ್ಣದ ಊರ ತೀರದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ತೀರಗಳು ಒಂದರ ಹಿಂದೆ ಒಂದು ಬರುತ್ತವೆ. ಇವೆಲ್ಲವನ್ನೂ ಒಂದೇ ಹಾದಿಯೆಂದು ಬರೆಯುವುದರಿಂದಲೇ ಗೊಂದಲವಾಗುತ್ತದೆ. ರಾಮತೀರ್ಥದ ಬದಿಯಿಂದ ಗುಡ್ಡ ಹತ್ತಿ ಕುಡ್ಲೆಗೆ ಇಳಿಯುವ ಮೊದಲ ಭಾಗ, ಕುಡ್ಲೆಯ ದಕ್ಷಿಣ ತುದಿಯಿಂದ ಇನ್ನೊಂದು ಗುಡ್ಡ ದಾಟಿ ಓಂ ತೀರಕ್ಕೆ ಹೋಗುವ ಎರಡನೆಯ ಭಾಗ, ಇವೆರಡೂ ನಿಧಾನವಾಗಿ ನಡೆದರೆ ತಾಯಿಯವರಿಗೆ ಆಗುವಂಥವು. ಓಂ ತೀರಕ್ಕೆ ಇಳಿಯುವಲ್ಲಿ ಮೆಟ್ಟಿಲುಗಳಿವೆ. ಒಂದು ಊರುಗೋಲು ಕೈಯಲ್ಲಿರಲಿ. ಗುಡ್ಡದ ಮೇಲೆಯೇ ರಸ್ತೆ ಇರುವುದರಿಂದ ಸಾಕೆನಿಸಿದರೆ ಅಲ್ಲಿಂದಲೇ ರಿಕ್ಷಾದಲ್ಲಿ ಊರಿಗೆ ಮರಳಬಹುದು. ಓಂ ದಾಟಿದ ಮೇಲೆ ಹಾದಿಯ ಸ್ವಭಾವವೇ ಬೇರೆ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕೆಳಗೆ ಕಡಲು, ನಡುವೆ ಒಬ್ಬರ ಹಿಂದೆ ಒಬ್ಬರು ಹೋಗಬೇಕಾದ ಕಾಲುದಾರಿ. ಉರುಟು ಹರಳುಗಳ ಮೇಲೆ ಕಾಲು ಜಾರುತ್ತದೆ. ಹಾಫ್ ಮೂನ್‌ನಿಂದ ಪ್ಯಾರಡೈಸ್‌ಗೆ ಹೋಗುವಾಗ ಬಂಡೆಯಿಂದ ಬಂಡೆಗೆ ಕಾಲಿಡಬೇಕಾಗುತ್ತದೆ, ನೀರು ಏರಿದ್ದರೆ ಕೆಳಗಿನ ಬಂಡೆಗಳು ಒದ್ದೆಯಾಗಿ ಪಾಚಿ ಕಟ್ಟಿರುತ್ತವೆ. ಇದನ್ನು ತಾಯಿಯವರಿಗೆ ನಾನು ಹೇಳಲಾರೆ.

ಅದರ ಬದಲಿಗೆ, ಯಾರೂ ಅಷ್ಟಾಗಿ ಹೇಳದ ಒಂದು ಹಾದಿಯನ್ನು ಹೇಳುತ್ತೇನೆ. ಕುಮಟಾ ತಾಲೂಕಿನ ಬಾಡದಿಂದ ಕಾಗಾಲದ ಮೇಲೆ ಅಘನಾಶಿನಿ ಊರಿನ ಕಡೆಗೆ ಕಡಲಂಚಿನಲ್ಲೇ ನಡೆಯಿರಿ. ಉದ್ದದ ಮರಳ ದಂಡೆ, ಬದಿಯಲ್ಲಿ ಗಾಳಿ ಮರಗಳ ಸಾಲು, ನಡುವೆ ಮೀನುಗಾರರ ಕೇರಿಗಳು. ಆದರೆ ಸಮತಟ್ಟು ಎಂದ ಮಾತ್ರಕ್ಕೆ ಯಾವ ಹೊತ್ತಿನಲ್ಲಾದರೂ ನಡೆಯಬಹುದೆಂದಲ್ಲ. ಇಳಿತದ ಸಮಯದಲ್ಲಿ ನೀರು ಹಿಂದೆ ಸರಿದು ಒದ್ದೆ ಮರಳು ನೆಲದಂತೆ ಗಟ್ಟಿಯಾಗಿರುತ್ತದೆ, ಹೆಜ್ಜೆಯ ಗುರುತೂ ಆಳವಾಗಿ ಬೀಳುವುದಿಲ್ಲ. ಭರತಿಯ ಸಮಯದಲ್ಲಿ ಆ ಪಟ್ಟಿ ಮುಳುಗಿ, ನೀವು ಮೇಲಿನ ಒಣ ಮರಳಿನಲ್ಲಿ ಹಿಮ್ಮಡಿ ಹೂತು ನಡೆಯಬೇಕಾಗುತ್ತದೆ. ಮೊಣಕಾಲು ನೋವಿದ್ದವರಿಗೆ ಮೆಟ್ಟಿಲಿನಷ್ಟೇ ತ್ರಾಸು ಕೊಡುವುದು ಈ ಒಣ ಮರಳು.

ಆದ್ದರಿಂದ ನೀವು ಬರುವ ವಾರದ ತಿಥಿಯನ್ನು ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನಮ್ಮ ಕಡೆ ಮಧ್ಯಾಹ್ನಕ್ಕೆ ತುಸು ಮೊದಲು ಭರತಿ, ಸಂಜೆಗೆ ಇಳಿತ. ಮುಂದೆ ದಿನಕ್ಕೆ ಸುಮಾರು 50 ನಿಮಿಷದಂತೆ ಎರಡೂ ತಡವಾಗುತ್ತ ಹೋಗುತ್ತವೆ. ಅಷ್ಟಮಿಯ ಹೊತ್ತಿಗೆ ಬೆಳಗಿನ ನಡಿಗೆಗೇ ಗಟ್ಟಿ ಮರಳು ಸಿಗುತ್ತದೆ. ಅಘನಾಶಿನಿ ಊರಿನಿಂದ ಅಳಿವೆ ದಾಟಿ ತದಡಿಗೆ ದೋಣಿಯಲ್ಲಿ ಹೋಗಬಹುದು. ಇಳಿತವಿದ್ದರೆ ಹಿನ್ನೀರಿನಲ್ಲಿ ಸೊಂಟದವರೆಗೆ ಇಳಿದು ಬಳಚು (ಚಿಪ್ಪಿನ ಜೀವಿ) ಹೆಕ್ಕುವವರನ್ನು ನಿಮ್ಮ ಮಗಳು ಹತ್ತಿರದಿಂದಲೇ ನೋಡಿಯಾಳು. ಎಲ್ಲಿಯೂ ಅಣೆಕಟ್ಟು ಇಲ್ಲದೆ ಹರಿದು ಬರುವ ಹೊಳೆಯ ಅಳಿವೆ ಇದು, 2024ರಲ್ಲಿ ಇದಕ್ಕೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಮಕ್ಕಳಿಗೆ ತೋರಿಸಲು ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದೇ ನನ್ನ ಅಭಿಪ್ರಾಯ.

ಉತ್ತರ: ಸಿದ್ದಾಪುರದ ಕೃಷಿಕ

ಕುಮಟಾದವರು ಹೇಳಿದ್ದು ಸರಿಯಾಗಿದೆ. ಘಟ್ಟದ ಮೇಲಿನ ವಿಷಯದಲ್ಲಿ ಮೊದಲು ಯಾಣವನ್ನೇ ತೆಗೆದುಕೊಳ್ಳೋಣ. ಆ ಗಾದೆ ಹುಟ್ಟಿದ ಕಾಲದಲ್ಲಿ ದಟ್ಟ ಕಾಡಿನಲ್ಲಿ ಬಹಳ ದೂರ ನಡೆದೇ ಯಾಣವನ್ನು ತಲುಪಬೇಕಿತ್ತು. ಈಗ ಶಿರಸಿಯ ಕಡೆಯಿಂದಲೂ ಕುಮಟಾದ ಕಡೆಯಿಂದಲೂ ವಾಹನ ಹತ್ತಿರದವರೆಗೆ ಹೋಗುತ್ತದೆ, ಆಮೇಲಿನದು ಮರಗಳ ನೆರಳಿನಲ್ಲಿ ಸಾಗುವ ಕಾಲುದಾರಿ ಮತ್ತು ಮೆಟ್ಟಿಲು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ ಸುಮಾರು 90 ಮೀಟರ್ ಎತ್ತರ. ಬುಡದಲ್ಲಿ ನಿಂತು ತಲೆ ಎತ್ತಿದರೆ ಕಪ್ಪು ಕಲ್ಲಿನ ತುದಿ ಮರಗಳ ಮೇಲೆ ಎಲ್ಲಿಯೋ ಇರುತ್ತದೆ. ದೇವಸ್ಥಾನದವರೆಗೆ ತಾಯಿಯವರು ನಿಶ್ಚಿಂತೆಯಿಂದ ಬರಬಹುದು. ಅಲ್ಲಿಂದ ಬರಿಗಾಲಿನಲ್ಲಿ ಬಂಡೆಯ ಸೀಳಿನೊಳಗೆ ಹೋಗಿ ಸುತ್ತಿ ಬರುವ ಪ್ರದಕ್ಷಿಣೆಯಲ್ಲಿ ಮೆಟ್ಟಿಲುಗಳು ಒಂದೇ ಅಳತೆಯವಲ್ಲ, ಕೆಲವು ಕಡೆ ಜಿನುಗಿದ ನೀರಿನಿಂದ ನೆಲ ಜಾರುತ್ತದೆ. ಒಬ್ಬರು ಮುಂದೆ, ಒಬ್ಬರು ಹಿಂದೆ ಇದ್ದು ಅವರನ್ನು ಕರೆದುಕೊಂಡು ಹೋಗುವುದಾದರೆ ಮಾತ್ರ ಒಳಗೆ ಹೋಗಲಿ. ಶಿಖರದ ಮೈಗೆ ಹೆಜ್ಜೇನಿನ ಹುಟ್ಟುಗಳು ಅಂಟಿಕೊಂಡಿರುತ್ತವೆ. ಕೂಗುವುದು, ಹೊಗೆ ಮಾಡುವುದು, ಮೈಗೆ ಗಾಢವಾದ ಸುಗಂಧ ಹಚ್ಚಿಕೊಂಡು ಬರುವುದು, ಇವು ಖಂಡಿತ ಬೇಡ.

ನಮ್ಮ ತಾಲೂಕಿನ ಉಂಚಳ್ಳಿ ಜಲಪಾತವನ್ನು ಯಾರಾದರೂ ನಿಮಗೆ ಸೂಚಿಸಿಯೇ ಸೂಚಿಸುತ್ತಾರೆ. ಅಘನಾಶಿನಿ ಹೊಳೆ 116 ಮೀಟರ್ ಕೆಳಗೆ ಧುಮುಕುವ ಆ ನೋಟಕ್ಕೆ ಸಾಟಿ ಇಲ್ಲ, ಜನವರಿಯಲ್ಲಿಯೂ ನೀರು ಇರುತ್ತದೆ. ಆದರೆ ಅಲ್ಲಿ ಮೊದಲು ಮೆಟ್ಟಿಲು ಇಳಿಯಬೇಕು, ಮರಳುವಾಗ ಹತ್ತಬೇಕು. ನಿಮ್ಮ ತಾಯಿಯವರ ತೊಂದರೆಗೆ ಇದು ನೇರವಾಗಿ ವಿರುದ್ಧ. ಮೇಲಿನ ನೋಟದ ಜಾಗದಿಂದಲೇ ನೋಡಿ ತೃಪ್ತಿಪಡುವುದಾದರೆ ಬನ್ನಿ. ನೀವು ಧಾರವಾಡದಿಂದ ಯಲ್ಲಾಪುರದ ಮೇಲೆಯೇ ಬರುವವರಾದ್ದರಿಂದ ಸಾತೊಡ್ಡಿಯನ್ನು ಆರಿಸಿಕೊಳ್ಳುವುದು ಉತ್ತಮ. ಜಲಪಾತ ಸುಮಾರು 15 ಮೀಟರ್ ಎತ್ತರದ್ದು, ಆದರೆ ಅಗಲವಾಗಿ ಹರಡಿಕೊಂಡು ಬೀಳುತ್ತದೆ, ಮತ್ತು ವಾಹನ ನಿಲ್ಲಿಸಿದ ಮೇಲೆ ಹಳ್ಳದ ಬದಿಯಲ್ಲೇ ಕಾಡಿನೊಳಗೆ ಸಾಗುವ ಹಾದಿ ಬಹುಮಟ್ಟಿಗೆ ಸಮತಟ್ಟಾಗಿದೆ. ಶಿರಸಿಯಲ್ಲಿ ಉಳಿದರೆ ಶಾಲ್ಮಲೆ ಹೊಳೆಯ ಸಹಸ್ರಲಿಂಗಕ್ಕೂ ಹೋಗಿ ಬನ್ನಿ. ಜನವರಿಯಲ್ಲಿ ನೀರು ತಗ್ಗಿ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳೂ ನಂದಿಗಳೂ ಹೊರಗೆ ಕಾಣುತ್ತವೆ.

ಇನ್ನು ನಾನು ಮುಖ್ಯವಾಗಿ ಬರೆಯಬೇಕೆಂದುಕೊಂಡಿದ್ದು ಮಂಗನ ಕಾಯಿಲೆಯ ಬಗ್ಗೆ. ಮಳೆಗಾಲದಲ್ಲಿ ಬಂದವರು ಉಂಬಳದ ಬಗ್ಗೆ ಕೇಳುತ್ತಾರೆ. ಉಂಬಳ ರಕ್ತ ಹೀರಿ ಬಿದ್ದುಹೋಗುತ್ತದೆ, ಅದರಿಂದ ದೊಡ್ಡ ಹಾನಿ ಇಲ್ಲ. ನೀವು ಬರುವುದು ಉಣುಗಿನ (ಉಣ್ಣಿಯ) ಕಾಲದಲ್ಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣುಗು ಕಚ್ಚುವುದರಿಂದ ಹರಡುತ್ತದೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಬಾಧೆ ಹೆಚ್ಚು, ನಮ್ಮ ಸಿದ್ದಾಪುರ ತಾಲೂಕು ಇದರಿಂದ ಬಹಳ ನೊಂದಿದೆ. ಎಳೆಯ ಉಣುಗು ಸಾಸಿವೆ ಕಾಳಿಗಿಂತಲೂ ಚಿಕ್ಕದು, ಕಣ್ಣಿಗೆ ಬೀಳುವುದೇ ಇಲ್ಲ. ತುಂಬು ತೋಳಿನ ಅಂಗಿ, ಕಾಲ್ಚೀಲದೊಳಗೆ ಸೇರಿಸಿದ ಪ್ಯಾಂಟು ಧರಿಸಿ. ಇಲ್ಲಿ ಆರೋಗ್ಯ ಇಲಾಖೆಯವರು ಹಂಚುವ, ಉಣುಗನ್ನು ದೂರವಿಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ನಾವು ದರಕು (ಒಣಗಿದ ಎಲೆ) ತರಲು ಹೋಗುತ್ತೇವೆ. ಮಗಳು ದರಕಿನ ರಾಶಿಯ ಮೇಲೆ ಕುಳಿತುಕೊಳ್ಳದಂತೆ, ಹೊರಳಾಡದಂತೆ ನೋಡಿಕೊಳ್ಳಿ. ಉಳಿದುಕೊಂಡ ಮನೆಗೆ ಮರಳಿದ ಕೂಡಲೇ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಎಲ್ಲರೂ ಸೋಪು ಹಚ್ಚಿ ಸ್ನಾನ ಮಾಡಬೇಕು. ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿಯ ಜಾಗದಲ್ಲಿ ಬೆರಳಾಡಿಸಿ ನೋಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ತಿಳಿಸಿ. ಊರಿಗೆ ಮರಳಿದ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ವೈದ್ಯರಿಗೆ ಈ ಕಾಡಿಗೆ ಬಂದಿದ್ದೆವೆಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಧಾರವಾಡದಲ್ಲಿ ಯಾರಿಗೂ ತಟ್ಟನೆ ಅದು ಹೊಳೆಯಲಿಕ್ಕಿಲ್ಲ.

ಉತ್ತರ: ಕಾರವಾರದವರು

ಗೋಕರ್ಣದಲ್ಲಿ ಜನವರಿಯ ವಾರಾಂತ್ಯಗಳಲ್ಲಿ ವಿಪರೀತ ಜನಸಂದಣಿ ಇರುತ್ತದೆ. ಶನಿವಾರ, ಭಾನುವಾರಗಳನ್ನು ಕಾರವಾರಕ್ಕೆ ಇಟ್ಟುಕೊಳ್ಳಿ ಎಂದು ನನ್ನ ಸಲಹೆ. ಗೋವಾದ ಗಡಿಗೆ ತಾಗಿದ ಮಾಜಾಳಿಯ ತೀರದಲ್ಲಿ ಉತ್ತರಕ್ಕೆ ನಡೆದು, ತುದಿಯಲ್ಲಿರುವ ಚಿಕ್ಕ ಗುಡ್ಡವನ್ನು ದಾಟಿದರೆ ತಿಳಮಾತಿ ತೀರ ಸಿಗುತ್ತದೆ. ಅಲ್ಲಿನ ಮರಳು ಎಳ್ಳಿನಂತೆ ಕಪ್ಪು; ಅಂಗೈಯಲ್ಲಿ ತೆಗೆದುಕೊಂಡು ಬಿಸಿಲಿಗೆ ಹಿಡಿದರೆ ಕಾಳು ಕಾಳಾಗಿ ಹೊಳೆಯುತ್ತದೆ. ಗುಡ್ಡದ ಏರು ಹೆಚ್ಚಿಲ್ಲ, ಆದರೆ ಆಚೆ ಬದಿಯ ಇಳಿಜಾರಿನಲ್ಲಿ ತಾಯಿಯವರಿಗೆ ಕೈ ಹಿಡಿಯಬೇಕಾಗುತ್ತದೆ. ಅಲ್ಲಿ ಅಂಗಡಿಗಳನ್ನು ನಂಬಿಕೊಳ್ಳದೆ ಕುಡಿಯುವ ನೀರನ್ನು ನೀವೇ ಒಯ್ಯಿರಿ. ಅದು ಬೇಡವೆನಿಸಿದರೆ ಸದಾಶಿವಗಡದ ಗುಡ್ಡವಿದೆ. ಸೋದೆಯ ಅರಸರ ಕಾಲದ ಕೋಟೆಯ ಜಾಗ, ಮೇಲಿನಿಂದ ಕಾಳಿ ನದಿ ಕಡಲನ್ನು ಸೇರುವುದು ಪೂರ್ತಿಯಾಗಿ ಕಾಣುತ್ತದೆ. ಕಾರವಾರದ ಬಳಿಯ ಗುಡ್ಡಳ್ಳಿಯ ಏರನ್ನು ಮಾತ್ರ ಯಾರು ಹೇಳಿದರೂ ಈ ಸಲ ಕೈಬಿಡಿ. ಅದು ಚೆನ್ನಾದ ಹಾದಿಯೇ, ಆದರೆ ಇಳಿಯುವಾಗ ಮೊಣಕಾಲಿಗೆ ಪೂರ್ತಿ ಭಾರ ಬೀಳುತ್ತದೆ.

ಕುಮಟಾದವರ ಮಾತಿಗೆ ಒಂದು ತಿದ್ದುಪಡಿ. ಸಂಜೆಯ ಇಳಿತ ನಡೆಯಲು ಹಿತವಾದರೂ ಜನವರಿಯಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಆಮೇಲೆ ಅರ್ಧ ಗಂಟೆಯೊಳಗೆ ಗುಡ್ಡದ ಕಾಲುದಾರಿಗಳು ಕಾಣುವುದಿಲ್ಲ. ಮರಳ ದಂಡೆಯಲ್ಲಿ ಸಂಜೆ ನಡೆಯಬಹುದು, ಗುಡ್ಡ ದಾಟುವ ಯಾವ ಹಾದಿಯನ್ನೂ ಸಂಜೆ ನಾಲ್ಕರ ನಂತರ ಹಿಡಿಯಬಾರದು. ನಮ್ಮ ಕರಾವಳಿಯ ಕೆಲವು ತೀರಗಳು ಈಜಲು ಸುರಕ್ಷಿತವಲ್ಲ. ಬಂಡೆಗಳಿರುವಲ್ಲಿ ಸೆಳೆತ ಬಲವಾಗಿರುತ್ತದೆ, ಮಗುವನ್ನು ಮೊಣಕಾಲಿಗಿಂತ ಮೇಲಿನ ನೀರಿಗೆ ಬಿಡಬೇಡಿ. ಇದನ್ನು ಓದುವ ಇತರರಿಗೂ ಒಂದು ಮಾತು: ಇದೇ ಪ್ರವಾಸವನ್ನು ದಯವಿಟ್ಟು ಜುಲೈನಲ್ಲಿ ಯೋಜಿಸಬೇಡಿ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಅಂಥ ಮಳೆಯಲ್ಲಿ ಇಲ್ಲಿನ ಯಾವ ಹಾದಿಯೂ ಸುಲಭದ್ದಲ್ಲ.

ಮರುಪ್ರಶ್ನೆ: ಧಾರವಾಡದ ಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಉಣುಗಿನ ವಿಷಯ ನಮಗೆ ಏನೂ ತಿಳಿದಿರಲಿಲ್ಲ. ಸಾತೊಡ್ಡಿ, ಯಾಣ, ಬಾಡದಿಂದ ಅಘನಾಶಿನಿ, ಕೊನೆಗೆ ಗೋಕರ್ಣ ಎಂದು ತೀರ್ಮಾನಿಸಿದ್ದೇವೆ. ಇನ್ನೆರಡು ಸಂದೇಹಗಳಿವೆ. ತಾಯಿಯವರು ಓಂ ತೀರದಲ್ಲಿ ನೆರಳಿನಲ್ಲಿ ಕುಳಿತಿದ್ದರೆ ನಾನೂ ಮಗಳೂ ಹಾಫ್ ಮೂನ್‌ವರೆಗೆ ಹೋಗಿ ಬರಬಹುದೇ? ಈ ಹಾದಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆಯೇ?

ಉತ್ತರ: ಕುಮಟಾ ನಿವಾಸಿ

ಧಾರಾಳವಾಗಿ ಹೋಗಬಹುದು. ಬೆಳಿಗ್ಗೆ ಎಂಟರೊಳಗೆ ಓಂ ತೀರದ ದಕ್ಷಿಣ ತುದಿಯಿಂದ ಹೊರಟರೆ ಮಗುವಿನ ಹೆಜ್ಜೆಯಲ್ಲಿಯೂ ಹೆಚ್ಚು ಸಮಯ ಬೇಕಾಗುವುದಿಲ್ಲ. ಮಗಳನ್ನು ಗುಡ್ಡದ ಬದಿಗೆ ನಡೆಸಿ, ಕಡಲ ಬದಿಗೆ ನೀವಿರಿ; ದಾರಿ ತೀರ ಕಿರಿದಾದಲ್ಲಿ ಅವಳು ಮುಂದೆ, ನೀವು ಹಿಂದೆ. ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಬೂಟು ಇರಲಿ. ಮರಳುವಾಗ ಬಿಸಿಲು ಏರಿದ್ದರೆ ದೋಣಿಯವರನ್ನು ವಿಚಾರಿಸಿ, ಋತುವಿನಲ್ಲಿ ತೀರಗಳ ನಡುವೆ ದೋಣಿಗಳು ಓಡಾಡುತ್ತವೆ. ಹತ್ತುವ ಮೊದಲು ಮಗುವಿಗೆ ಲೈಫ್ ಜಾಕೆಟ್ ಕೇಳಿ ಹಾಕಿಸಿ, ಇಲ್ಲವೆಂದರೆ ಆ ದೋಣಿ ಬೇಡ.

ಉತ್ತರ: ಸಿದ್ದಾಪುರದ ಕೃಷಿಕ

ಯಾಣ, ಸಾತೊಡ್ಡಿಗಳಲ್ಲಿ ಪ್ರವೇಶದ ಬಳಿ ಶುಲ್ಕ ಕೊಟ್ಟು, ಗುರುತಿಸಿದ ಹಾದಿಯಲ್ಲಿ ಹೋಗಿ ಬರುವುದು ರೂಢಿ. ಆ ಹಾದಿ ಬಿಟ್ಟು ಕಾಡಿನ ಒಳದಾರಿ ಹಿಡಿಯುವುದಾದರೆ ಮೊದಲೇ ಅನುಮತಿ ಬೇಕು, ಚಾರಣದ ಮುಂಗಡಕ್ಕೆ ಇಲಾಖೆಯ ಅರಣ್ಯ ವಿಹಾರ ಜಾಲತಾಣವಿದೆ. ಜೊಯಿಡಾ ಕಡೆಯ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರುವುದರಿಂದ ಅಲ್ಲಿ ನಿಯಮ ಇನ್ನೂ ಬಿಗಿ. ಸಾತೊಡ್ಡಿಗೆ ಹೊರಡುವಾಗ ಯಲ್ಲಾಪುರದಲ್ಲಿಯೇ ಊಟ ಕಟ್ಟಿಸಿಕೊಳ್ಳಿ. ಮುಂದೆ ಮೊಬೈಲ್ ಸಂಪರ್ಕವೂ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಎಷ್ಟು ಗಂಟೆಗೆ ಮರಳುತ್ತೀರೆಂದು ಉಳಿದುಕೊಂಡ ಮನೆಯವರಿಗೆ ಹೇಳಿ ಹೊರಡಿ.