ಕೆರೆಗೆ ಕಸ ಸುರಿದವರಿಗೆ ಮೂರು ವರ್ಷ ಜೈಲು ಕೇಳಬೇಕಾ? ಖರ್ಚು ಯಾರದ್ದು?

ಪ್ರಶ್ನೆ (ಚಿಕ್ಕಬಳ್ಳಾಪುರ ತಾಲ್ಲೂಕಿನ ಸದಸ್ಯರಿಂದ): ನಮಸ್ಕಾರ ಮೇಡಂ. ಎಚ್.ಎನ್. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ನಮ್ಮೂರ ಕೆರೆ ತುಂಬಿದೆ. ಆದರೆ ರಾತ್ರಿ ಹೊತ್ತು ಯಾರೋ ಗೂಡ್ಸ್ ಆಟೊದಲ್ಲಿ ಕೋಳಿ ಪುಕ್ಕ, ಕರುಳು ಮೂಟೆಗಟ್ಟಲೆ ತಂದು ಏರಿ ಮೇಲಿಂದ ಸುರಿದು ಹೋಗುತ್ತಾರೆ. ಇದನ್ನು ಹೊಸ ಅಪರಾಧ ಮಾಡಿ, ಮೂರು ವರ್ಷ ಜೈಲು ಇಡಿ ಎಂದು ಶಾಸಕರಿಗೆ ಮನವಿ ಬರೆಯುತ್ತಿದ್ದೇವೆ. ‘ಇದರಿಂದ ಸರ್ಕಾರಕ್ಕೆ ಖರ್ಚೇನೂ ಇಲ್ಲ’ ಎಂದೂ ಸೇರಿಸಿದ್ದೇವೆ. ಸರಿ ಇದೆಯಾ?

ಉತ್ತರ (ನಿವೃತ್ತ ಸಹಾಯಕ ಸರ್ಕಾರಿ ಅಭಿಯೋಜಕಿ): ಕೆರೆ ಬಗ್ಗೆ ನಿಮಗಿರುವ ಸಿಟ್ಟು ನನಗೂ ಇದೆ. ಆದರೆ ಆ ಕೊನೆಯ ಸಾಲು ತೆಗೆಯಿರಿ. ವಿಧಾನಸಭೆಗೆ ಬರುವ ಎಷ್ಟೋ ವಿಧೇಯಕಗಳ ಹಣಕಾಸು ಟಿಪ್ಪಣಿಯಲ್ಲಿ ಹೆಚ್ಚುವರಿ ವೆಚ್ಚ ಇಲ್ಲ ಎಂದೇ ಬರೆದಿರುತ್ತಾರೆ. ಪೊಲೀಸು, ಕೋರ್ಟು, ಜೈಲು ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಒಂದು ಮೂಟೆ ಕಸದ ಕೇಸನ್ನೇ ನೋಡಿ. ಎಫ್‌ಐಆರ್ ಆಗಬೇಕು. ಎಎಸ್‌ಐ ಸ್ಥಳಕ್ಕೆ ಬಂದು, ಇಬ್ಬರು ಪಂಚರನ್ನು ಹಿಡಿದು ಮಹಜರು ಬರೆಯಬೇಕು. 2024ರ ಜುಲೈ 1ರಿಂದ ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸ್ ನಡೆಸುವ ವಿಧಾನದ ಕಾಯ್ದೆ) ಜಾರಿಯಲ್ಲಿದೆ, ಜಪ್ತಿಯನ್ನು ವಿಡಿಯೊ ಮಾಡಬೇಕು. ಆಟೊ ಸ್ಟೇಷನ್ ಅಂಗಳ ಸೇರುತ್ತದೆ. ಬಿಡಿಸಿಕೊಳ್ಳಲು ಯಾರೂ ಬರದಿದ್ದರೆ ಅಲ್ಲೇ ಟೈರ್ ಕೊಳೆತು, ಸೀಟಿನೊಳಗೆ ಗಿಡ ಹುಟ್ಟುತ್ತದೆ. ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಿಯಾದ ವಸ್ತು, ಎಂದರೆ ಸುಮ್ನೆ ಅಲ್ಲ, ಕೇಸ್ ಮುಗಿಯುವ ತನಕ ಅದಕ್ಕೆ ಲೆಕ್ಕ ಕೊಡಬೇಕು. ನೀರಿನ ಸ್ಯಾಂಪಲ್ ಲ್ಯಾಬ್‌ಗೆ ಹೋಗಿ ರಿಪೋರ್ಟ್ ಬಂದ ಮೇಲೆ ಚಾರ್ಜ್‌ಶೀಟ್.

ಆಮೇಲೆ ಸಮನ್ಸ್. ಪೇದೆಯೊಬ್ಬರು ಊರಿಗೆ ಬಂದರೆ ಒಬ್ಬ ಪಂಚ ಕೂಲಿಗೆ ಬೆಂಗಳೂರಿಗೆ ಹೋಗಿರುತ್ತಾನೆ. ಬಂದ ಪಂಚನೂ ‘ಪೊಲೀಸರು ಸೈನ್ ಹಾಕು ಅಂದರು, ಹಾಕಿದೆ’ ಎಂದು ಕಟಕಟೆಯಲ್ಲೇ ತಿರುಗಿ ಬೀಳುತ್ತಾನೆ. ಎಎಸ್‌ಐ ಇಡೀ ದಿನ ಕೋರ್ಟ್ ವರಾಂಡದಲ್ಲಿ ಕೂತು ಸಂಜೆ ಹೊಸ ವಾಯಿದೆ ಹಿಡಿದು ವಾಪಸ್ ಹೋಗುವುದನ್ನು ನನ್ನ ಸರ್ವಿಸ್ ಉದ್ದಕ್ಕೂ ನೋಡಿದ್ದೇನೆ. ಅವರ ಸಂಬಳ, ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ಸಂಬಳ, ಜಡ್ಜ್ ಸಮಯ, ಸಾಕ್ಷಿ ಬತ್ತೆ ಎಲ್ಲವೂ ನಿಮ್ಮ ನನ್ನ ತೆರಿಗೆಯಿಂದಲೇ ಬರಬೇಕು.

‘ಮೂರು ವರ್ಷ’ ಎಂಬ ಅಂಕಿ ತುಂಬಾ ತೂಕದ್ದು. ವಿಶೇಷ ಕಾಯ್ದೆ ಬಂಧನ, ಜಾಮೀನಿನ ಬಗ್ಗೆ ಏನೂ ಹೇಳದೆ ಬಿಟ್ಟಿದ್ದರೆ, ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ, ಜಾಮೀನು ಹಕ್ಕಾಗಿ ಸಿಗುತ್ತದೆ. ಮೂರು ವರ್ಷ ಮುಟ್ಟಿದರೆ ಎರಡೂ ತಿರುಗುತ್ತವೆ. ‘ಮೂರು ವರ್ಷದವರೆಗೆ’ ಎಂದಿದ್ದರೂ ಅಷ್ಟೇ ಎಂದು ಕಾಪಿರೈಟ್ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆಗ ರಿಮ್ಯಾಂಡ್, ಜೈಲೂಟ, ಎಸ್ಕಾರ್ಟ್, ಜಾಮೀನು ಅರ್ಜಿ ಎಲ್ಲಾ ಸೇರುತ್ತವೆ. ಕಸ್ಟಡಿಯಲ್ಲಿರುವವನಿಗೆ ಕಾನೂನು ನೆರವು ಪ್ರಾಧಿಕಾರ ಉಚಿತ ವಕೀಲರನ್ನು ಕೊಡಬೇಕು. ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದವರಲ್ಲಿ ಶೇ. 75ಕ್ಕಿಂತ ಜಾಸ್ತಿ ಜನ ವಿಚಾರಣಾಧೀನ ಕೈದಿಗಳು. ಆಟೊ ಓಡಿಸಿದ ಕೂಲಿ ಹುಡುಗ ಅವರ ಜೊತೆ ಸೇರುತ್ತಾನೆ. ಕಳಿಸಿದ ಅಂಗಡಿಯವನು ಹೊರಗಿರುತ್ತಾನೆ.

ಶಿಡ್ಲಘಟ್ಟದ ಸದಸ್ಯರು: ಮೇಡಂ, ಇದು ನನ್ನ ಅನುಭವಕ್ಕೂ ಹತ್ತಿರ. ನಾನು ರೇಷ್ಮೆ ನೂಲು ವ್ಯಾಪಾರ ಮಾಡುತ್ತೇನೆ. ಒಬ್ಬರು ಕೊಟ್ಟ ಚೆಕ್ ಬೌನ್ಸ್ ಆಗಿ ಕೇಸ್ ಹಾಕಿದ್ದೇನೆ. ಬರೀ ವಾಯಿದೆ. ಚೆಕ್ ಬೌನ್ಸ್ ಅಪರಾಧವಾದರೆ ದುಡ್ಡು ಬೇಗ ಬರುತ್ತದೆ ಎಂದುಕೊಂಡಿದ್ದೆವು.

ಉತ್ತರ: ಸರ್, ಹೊಸ ಅಪರಾಧದ ಖರ್ಚು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1989ರ ಏಪ್ರಿಲ್ 1ರ ತನಕ ಚೆಕ್ ಬೌನ್ಸ್ ಆದರೆ ಸಾಮಾನ್ಯವಾಗಿ ಸಿವಿಲ್ ದಾವೆ. ಆವತ್ತು ಅದನ್ನು ಅಪರಾಧ ಮಾಡಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಬಂತು. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಕೇಸುಗಳಲ್ಲಿ 35.16 ಲಕ್ಷ ಚೆಕ್ ಬೌನ್ಸ್ ಕೇಸುಗಳೇ ಆಗಿದ್ದವು. ಸುಪ್ರೀಂ ಕೋರ್ಟ್ ತಾನಾಗಿ ಈ ವಿಷಯ ಕೈಗೆತ್ತಿಕೊಳ್ಳಬೇಕಾಯಿತು.

ಹೊಸ ಕಲಂ ಬಂತು ಎಂದು ತಾಲ್ಲೂಕಿಗೆ ಹೊಸ ಜಡ್ಜ್ ಬರುವುದಿಲ್ಲ. ಇರುವ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿನ ಅದೇ ಐದಾರು ಗಂಟೆಯಲ್ಲಿ ಎಲ್ಲವೂ ಆಗಬೇಕು. ಹೊಸ ಫೈಲ್ ಬಂದಷ್ಟೂ ಗಂಡನ ಹೊಡೆತ ತಾಳದೆ ಕೌಟುಂಬಿಕ ದೌರ್ಜನ್ಯದ ಅರ್ಜಿ ಹಾಕಿದ ಹೆಣ್ಣುಮಗಳ ಫೈಲ್ ಹಿಂದೆ ಬೀಳುತ್ತದೆ. ಬಜೆಟ್ ಪುಸ್ತಕದಲ್ಲಿ ಕಾಣದ ಖರ್ಚು ಇದು. ಇದನ್ನು ತೆರುವವರಿಗೆ ತಾವು ತೆರುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ನನಗೆ ಅತ್ಯಂತ ನೋವು ಕೊಟ್ಟ ವಿಷಯವೂ ಇದೇ.

ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ನ್ಯಾ. ಜಗನ್ನಾಥ ರಾವ್ ಸಮಿತಿ 2008ರಲ್ಲೇ ದಾರಿ ಹೇಳಿತ್ತು. ಕಾನೂನಿನಿಂದ ಎಷ್ಟು ಕೇಸ್ ಹೆಚ್ಚಬಹುದು, ಎಷ್ಟು ಜಡ್ಜ್, ಸಿಬ್ಬಂದಿ ಬೇಕು ಎಂದು ಅಂದಾಜು ಮಾಡಿ ಹಣಕಾಸು ಟಿಪ್ಪಣಿಯಲ್ಲೇ ಹಾಕಿ ಎಂದು. 2023ರ ಜನ್ ವಿಶ್ವಾಸ್ ಕಾಯ್ದೆಯಲ್ಲಿ ಕೇಂದ್ರ 42 ಕಾಯ್ದೆಗಳ 183 ಕಲಮುಗಳನ್ನು ಸಡಿಲಿಸಿತು. ಎಷ್ಟೋ ಕಡೆ ಜೈಲಿನ ಜಾಗಕ್ಕೆ ದಂಡ ಬಂತು.

ಪ್ರಶ್ನೆ ಕೇಳಿದವರು: ಹಾಗಾದ್ರೆ ಸುರಿದವನನ್ನು ಸುಮ್ನೆ ಬಿಡಬೇಕಾ ಮೇಡಂ?

ಉತ್ತರ: ಖಂಡಿತ ಬೇಡ. ಸಾರ್ವಜನಿಕ ಜಲಾಶಯದ ನೀರು ಕೆಡಿಸುವುದು ಈಗಾಗಲೇ ಅಪರಾಧ. ಬಿಎನ್‌ಎಸ್ (ಐಪಿಸಿ ಜಾಗಕ್ಕೆ ಬಂದ ದಂಡ ಸಂಹಿತೆ) 279ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಿಎನ್‌ಎಸ್‌ಎಸ್ 152ರ ಅಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರೆ ಅವರು ತೊಂದರೆ ನಿಲ್ಲಿಸಲು ಆದೇಶ ಮಾಡಬಹುದು. ಫೋಟೊ, ಆಟೊ ನಂಬರ್, ತಾರೀಖು ಬರೆದಿಟ್ಟುಕೊಂಡು ಮೊದಲು ಅಲ್ಲಿಗೆ ಹೋಗಿ.

ಮನವಿಯಲ್ಲಿ ಜೈಲಿನ ಬದಲು ಇದನ್ನು ಕೇಳಿ: ಏರಿ ಮೇಲೆ ಎರಡು ದೀಪ, ಗಾಡಿ ಹತ್ತದಂತೆ ಒಂದು ಗೇಟು, ಕೋಳಿ ಅಂಗಡಿಗಳ ತ್ಯಾಜ್ಯಕ್ಕೆ ಪ್ರತ್ಯೇಕ ಗಾಡಿ. ಆ ಕಸ ಹಾಕಲು ಬೇರೆ ಜಾಗವೇ ಇಲ್ಲದಿದ್ದರೆ ಯಾವ ಶಿಕ್ಷೆ ಇಟ್ಟರೂ ಅದು ಮುಂದಿನ ಕೆರೆಗೆ ಹೋಗುತ್ತದೆ. ಇಷ್ಟಾದ ಮೇಲೂ ಹೊಸ ಕಾಯ್ದೆ ಬೇಕು ಅನ್ನಿಸಿದರೆ, ಅದಕ್ಕೆ ಎಷ್ಟು ಜಡ್ಜ್, ಎಷ್ಟು ಸಿಬ್ಬಂದಿ ಕೊಡುತ್ತೀರಿ ಎಂಬ ಪ್ರಶ್ನೆಯನ್ನೂ ಅದೇ ಮನವಿಯಲ್ಲಿ ಬರೆಯಿರಿ. ಕರಡು ಇಲ್ಲಿ ಹಾಕಿದರೆ ನೋಡಿಕೊಡುತ್ತೇನೆ.