ಪದಚರ್ಚೆ: ‘ಗಿಫ್ಟೆಡ್’ ಮಗುವಿಗೆ ‘ಪ್ರತಿಭಾವಂತ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಎರಡು ಪದಗಳ ವಿಷಯ ಕೇಳಬೇಕಿತ್ತು. ಅದಕ್ಕೂ ಮೊದಲು ಅವು ನನ್ನ ತಲೆಗೆ ಹೇಗೆ ಹತ್ತಿದವು ಅಂತ ಹೇಳಿಬಿಡುತ್ತೇನೆ.

ನಮ್ಮಕ್ಕನ ಮಗನಿಗೆ ಏಳು ವರ್ಷ. ಕೂತಲ್ಲಿ ಕೂರುವುದಿಲ್ಲ, ಪಾಠದ ನಡುವೆ ಪ್ರಶ್ನೆ ಕೇಳುತ್ತಾನೆ ಅಂತ ಶಾಲೆಯಿಂದ ದೂರು ಬರುತ್ತಲೇ ಇತ್ತು. ಅಕ್ಕ ಒಬ್ಬ ಮನಶ್ಶಾಸ್ತ್ರಜ್ಞರ ಹತ್ತಿರ ಕರೆದುಕೊಂಡು ಹೋದಳು. ಅವರು ಇಂಗ್ಲಿಷಿನಲ್ಲಿ ಒಂದು ವರದಿ ಕೊಟ್ಟರು. ಅಕ್ಕ ಕೇಳಿದ್ದಕ್ಕೆ ಕನ್ನಡದಲ್ಲೂ ಬರೆದುಕೊಟ್ಟರು. ಅದೇ ರಾತ್ರಿ ಅಕ್ಕನ ಫೋನ್ ಬಂತು. “ಪ್ರತಿಭಾವಂತ ಮಗು ಅಂತ ಬರೆದಿದ್ದಾರೆ ಕಣೋ. ಆದ್ರೆ ಇವನು ಪ್ರತಿಭಾ ಕಾರಂಜಿಯಲ್ಲಿ ಒಂದು ಬಹುಮಾನಾನೂ ತಗೊಂಡಿಲ್ಲ. ಮಾರ್ಕ್ಸೂ ಅಷ್ಟಕ್ಕಷ್ಟೇ. ಏನು ನೋಡಿ ಹಂಗೆ ಬರೆದ್ರು? ಕೆಳಗಡೆ ಅತಿಚಟುವಟಿಕೆ ಇದೆ ಅಂತಾನೂ ಇದೆ. ಶಾಲೆಯವರು ಅದೊಂದನ್ನೇ ಹಿಡ್ಕೊಂಡು, ಕಾಯಿಲೆ ಇದೆ, ಔಷಧಿ ಕೊಡಿಸಿ ಅಂತಿದ್ದಾರೆ.”

ಇಂಗ್ಲಿಷ್ ವರದಿ ತರಿಸಿ ನೋಡಿದೆ. ಮೊದಲ ಪದ ‘ಗಿಫ್ಟೆಡ್’. ಎರಡನೆಯದು ‘ಸೈಕೋಮೋಟರ್ ಓವರ್‌ಎಕ್ಸೈಟಬಿಲಿಟಿ’, ಅಂದರೆ ಮೈಯ ಚಲನೆಯಲ್ಲಿ ಕಾಣುವ ಅತಿಯಾದ ತೀವ್ರತೆ. ಎರಡೂ ಕನ್ನಡಕ್ಕೆ ಬರುವಾಗ ಬೇರೆಯೇ ಆಗಿಬಿಟ್ಟಿವೆ. ಆದರೆ ತಪ್ಪು ಬರೀ ಅನುವಾದದ್ದು ಅಂತ ನನಗೆ ಅನ್ನಿಸುವುದಿಲ್ಲ. ಇವು ಹುಟ್ಟಿದ ಸಿದ್ಧಾಂತಗಳನ್ನು ಬಹಳಷ್ಟು ಮನಶ್ಶಾಸ್ತ್ರಜ್ಞರೂ ಒಂದರೊಳಗೊಂದು ಕಲಸಿಕೊಂಡೇ ಬಳಸುತ್ತಾರೆ. ಮೂರು ತಿಂಗಳಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಇದ್ದೇನೆ.

ಮೊದಲು ‘ಪ್ರತಿಭೆ’. ಅಕ್ಕನಿಗೆ ಅದು ಹಾಡು, ಕುಣಿತ, ಛದ್ಮವೇಷ. ಸಂಘಗಳ ‘ಪ್ರತಿಭಾ ಪುರಸ್ಕಾರ’ದಲ್ಲಿ ಅದು ಎಸ್ಸೆಸ್ಸೆಲ್ಸಿ ಅಂಕ. ಎರಡು ಕಡೆಯೂ ಆಗಲೇ ಮಾಡಿ ತೋರಿಸಿದ್ದಕ್ಕೆ ಸಿಗುವ ಹೆಸರು ಅದು. ಹಳೆಯ ಅರ್ಥ ಹಾಗಿರಲಿಲ್ಲ. ‘ಭಾ’ ಅಂದರೆ ಬೆಳಕು, ಹೊಳಪು. ಹೊಸ ಹೊಸದನ್ನು ಅರಳಿಸುವ ಬುದ್ಧಿಯೇ ಪ್ರತಿಭೆ ಅಂತ ಸಂಸ್ಕೃತದ ಕಾವ್ಯಮೀಮಾಂಸಕ ಭಟ್ಟತೌತ ಹೇಳಿದ್ದು ನಿಮಗೆಲ್ಲ ಗೊತ್ತು. ನಮ್ಮ ‘ಹೊಳೆ’ಯಲ್ಲೂ ಇದೇ ಇದೆ ನೋಡಿ. ನಕ್ಷತ್ರ ಹೊಳೆಯುತ್ತದೆ, ಉಪಾಯವೂ ಹೊಳೆಯುತ್ತದೆ. ಇಂಗ್ಲಿಷಿನ ‘ಗಿಫ್ಟೆಡ್’, ಜರ್ಮನಿನ ‘ಬೆಗಾಬ್ಟ್’, ಫ್ರೆಂಚಿನ ‘ದುಯೇ’ ಇವುಗಳಲ್ಲಿ ಮಾತ್ರ ಯಾರೋ ಕೊಟ್ಟದ್ದು ಅನ್ನುವ ಭಾವ ಇದೆ. ನಮ್ಮ ಪದದಲ್ಲಿ ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ, ಹೊಳೆದದ್ದು ಮಾತ್ರ ಇದೆ. ನನಗೆ ಇದು ತುಂಬ ಇಷ್ಟ. ಆದರೆ ಇವತ್ತು ಆ ಅರ್ಥ ಯಾರ ಕಿವಿಗೂ ಬೀಳುವುದಿಲ್ಲ, ಅಲ್ವಾ?

ಸಿದ್ಧಾಂತಗಳ ಕಡೆ ಬಂದರೆ, ‘ಗಿಫ್ಟೆಡ್’ ಅಂದಾಗ ಹೆಚ್ಚಿನ ಮನಶ್ಶಾಸ್ತ್ರಜ್ಞರ ಮನಸ್ಸಿಗೆ ಮೊದಲು ಬರುವುದು ಒಂದು ಅಂಕಿ. ಅದರ ಹಿಂದೆ ಇರುವವರು ಅಮೆರಿಕದ ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್. 1916ರಲ್ಲಿ ಫ್ರಾನ್ಸಿನ ಬಿನೆಯವರ ಬುದ್ಧಿ ಅಳೆಯುವ ಪರೀಕ್ಷೆಯನ್ನು ಅಲ್ಲಿಯ ಮಕ್ಕಳಿಗೆ ಹೊಂದಿಸಿದರು. 1921ರಿಂದ ಕ್ಯಾಲಿಫೋರ್ನಿಯಾದ 1,500ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿ, ಅವರ ಬದುಕಿನುದ್ದಕ್ಕೂ ಅಧ್ಯಯನ ನಡೆಯುವಂತೆ ಮಾಡಿದರು. ಹೆಚ್ಚಿನವರ ಐಕ್ಯೂ, ಅಂದರೆ ಬುದ್ಧಿಮಟ್ಟದ ಅಂಕಿ, 140ರ ಮೇಲೆ. ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನುವ ನಮ್ಮ ಗಾದೆಯನ್ನೇ ಅಳತೆಗೆ ಹಚ್ಚಿದ ಹಾಗೆ. ಆದರೆ ಆ ಜರಡಿಯಿಂದ ಕೆಳಗೆ ಬಿದ್ದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್, ಮುಂದೆ 1956ರಲ್ಲಿ ಮತ್ತು 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು. ಆರಿಸಿದ ಮಕ್ಕಳಲ್ಲಿ ಯಾರಿಗೂ ನೊಬೆಲ್ ಬರಲಿಲ್ಲ.

ಟರ್ಮನ್ ಆದಮೇಲೆ ಬಂದವರು ಆ ಅಂಕಿಯ ಮೇಲೆ ಅಷ್ಟು ಭಾರ ಹಾಕಲಿಲ್ಲ. 1978ರಲ್ಲಿ ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಜೋಸೆಫ್ ರೆಂಜುಲ್ಲಿ ಮೂರು ಬಳೆಗಳ ಮಾತು ಹೇಳಿದರು. ಸಾಧಾರಣಕ್ಕಿಂತ ಹೆಚ್ಚಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸ ಬಿಡದ ಛಲ. ಮೂರೂ ಒಂದರ ಮೇಲೊಂದು ಬಂದಾಗ ಕಾಣುವ ನಡವಳಿಕೆಯನ್ನು ಮಾತ್ರ ಅವರು ಗಿಫ್ಟೆಡ್ ಅಂದರು. ಮಗುವಿಗೆ ಆ ಹಣೆಪಟ್ಟಿ ಬೇಡ ಅಂದರು. ಇದು ನಮಗೆ ವ್ಯಾಕರಣದ ವಿಷಯವೂ ಹೌದು. ‘ಪ್ರತಿಭಾವಂತ’ದ ‘ವಂತ’ ಇದೆಯಲ್ಲ, ಅದು ಹಣವಂತ, ಗುಣವಂತ ಅಂದಹಾಗೆ ಗುಣವನ್ನು ಮಗುವಿನ ಮೈಗೇ ಅಂಟಿಸುತ್ತದೆ. ರೆಂಜುಲ್ಲಿ ಹೇಳಿದ್ದನ್ನು ಆ ಪದದಿಂದ ಹೇಳಲು ಆಗುವುದೇ ಇಲ್ಲ.

ಕೆನಡಾದ ಫ್ರಾಂಸ್ವಾ ಗಾನ್ಯೆ 1985ರಲ್ಲಿ ಬೇರೆ ದಾರಿ ಹಿಡಿದರು. ಹುಟ್ಟಿನಿಂದ ಬಂದ, ಇನ್ನೂ ತಿದ್ದದ ಶಕ್ತಿ ‘ಗಿಫ್ಟ್’. ಕಲಿತು, ಪಳಗಿ ಬಂದದ್ದು ‘ಟ್ಯಾಲೆಂಟ್’. ಮೊದಲನೆಯದು ಎರಡನೆಯದಾಗಲು ಮನೆ, ಗುರು, ಅಭ್ಯಾಸ, ಅದೃಷ್ಟ ಎಲ್ಲ ಬೇಕು. ಈಗ ಅಕ್ಕನ ಪ್ರಶ್ನೆಗೆ ಹಿಂತಿರುಗಿ. ವರದಿ ಹೇಳುತ್ತಿದ್ದುದು ಮೊದಲನೆಯದನ್ನು. ಅಕ್ಕನಿಗೆ ಕೇಳಿಸಿದ್ದು ಎರಡನೆಯದು. ಕನ್ನಡದಲ್ಲಿ ಎರಡಕ್ಕೂ ‘ಪ್ರತಿಭೆ’ ಅಂತಲೇ ಬರೆಯುತ್ತೇವೆ. ಹಾಗಾಗಿ ಹುಡುಗ ಬಹುಮಾನ ತರದಿದ್ದರೆ ವರದಿಯೇ ಸುಳ್ಳು ಅಂತ ಅನ್ನಿಸುತ್ತದೆ.

ಇಲ್ಲಿ ನಮ್ಮ ಹಳಬರ ಕೈಯಲ್ಲಿ ಸೊಗಸಾದ ಪದಗಳಿದ್ದವು. ಕಾವ್ಯ ಹುಟ್ಟಲು ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಸೇರಬೇಕು ಅಂತ ಕಾವ್ಯಮೀಮಾಂಸಕ ಮಮ್ಮಟ ಹೇಳಿದ್ದಾನೆ. ‘ಗಿಫ್ಟ್’ಗೆ ಬರೀ ‘ಶಕ್ತಿ’, ‘ಟ್ಯಾಲೆಂಟ್’ಗೆ ‘ಪರಿಣತಿ’ ಅಂದರೆ ಹೇಗೆ? ‘ಹುಟ್ಟುಶಕ್ತಿ’ ಅಂತ ಬಿಡಿಸಿ ಹೇಳಿದರೆ ಅಕ್ಕನಂಥವರಿಗೂ ತಿಳಿಯುತ್ತದೆ.

ಈ ಮಾತಿಗೆ ಶಕುಂತಲಾ ದೇವಿಯವರು ನೆನಪಾಗುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದವರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. 1988ರಲ್ಲಿ ಆರ್ಥರ್ ಜೆನ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಅವರನ್ನು ಪರೀಕ್ಷಿಸಿದಾಗ, ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಕೆಲಸಗಳಲ್ಲಿ ಅವರ ವೇಗ ಎಲ್ಲರಷ್ಟೇ ಇತ್ತು. ಒಂದೇ ಅಳತೆಗೋಲು ನೆಚ್ಚಿಕೊಂಡವರು ಇದನ್ನು ಹೇಗೆ ವಿವರಿಸುತ್ತಾರೆ?

ಅಳತೆಗೋಲಿನ ಬಗ್ಗೆ ಇನ್ನೊಂದು ಮಾತು. ಹುಡುಗನಿಗೆ ಮಾಡಿದ್ದು ಬಿನೆ–ಕಾಮತ್ ಪರೀಕ್ಷೆ. ವಿ. ವಿ. ಕಾಮತರು 1930ರ ದಶಕದಲ್ಲಿ ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಹೊಂದಿಸಿದ್ದು ಅದು. ಕನ್ನಡದ ಮಕ್ಕಳನ್ನು ಅವರ ಮಾತಿನಲ್ಲೇ ಅಳೆಯಬೇಕು ಅಂತ ಆ ಕಾಲದಲ್ಲೇ ಯೋಚಿಸಿದ್ದು ದೊಡ್ಡ ಕೆಲಸ. ಆದರೆ ಅದನ್ನು ಇವತ್ತಿಗೂ ಬಳಸುತ್ತಿದ್ದೇವೆ. ತಲೆಮಾರಿನಿಂದ ತಲೆಮಾರಿಗೆ ಐಕ್ಯೂ ಪರೀಕ್ಷೆಗಳಲ್ಲಿ ಮಕ್ಕಳ ಅಂಕ ಏರುತ್ತಾ ಬಂದಿದೆ ಅಂತ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ಹಾಗಾಗಿ ಹಳೆಯ ಮಟ್ಟಕ್ಕೆ ಇಟ್ಟು ನೋಡಿದರೆ ಇವತ್ತಿನ ಮಗುವಿನ ಅಂಕಿ ಜಾಸ್ತಿ ಕಾಣಬಹುದು. ವರದಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇನ್ನು ಎರಡನೆಯ ಪದ. ನನ್ನ ನಿದ್ದೆ ಕೆಡಿಸಿದ್ದು ಇದೇ. ‘ಓವರ್‌ಎಕ್ಸೈಟಬಿಲಿಟಿ’ ಪೋಲೆಂಡಿನ ಮನೋವೈದ್ಯ ಕಾಜಿಮೆಜ್ ದಾಂಬ್ರೊವ್ಸ್ಕಿಯವರ ಪದ. ಮನುಷ್ಯನ ವ್ಯಕ್ತಿತ್ವ ಒಡೆದು ಮತ್ತೆ ಮೇಲಿನ ಮಟ್ಟದಲ್ಲಿ ಕೂಡಿಕೊಳ್ಳುತ್ತದೆ, ತಳಮಳ ಅಂದರೆ ಯಾವಾಗಲೂ ಕಾಯಿಲೆ ಅಲ್ಲ ಅನ್ನುವುದು ಅವರ ಸಿದ್ಧಾಂತ. ಅದರಲ್ಲಿ ಐದು ಬಗೆಯ ತೀವ್ರತೆ ಬರುತ್ತದೆ: ಮೈಯದು, ಇಂದ್ರಿಯಗಳದು, ಬುದ್ಧಿಯದು, ಕಲ್ಪನೆಯದು, ಭಾವನೆಯದು. ಕೆನಡಾದಲ್ಲಿ ಅವರ ಜೊತೆ ಕೆಲಸ ಮಾಡಿದ ಮೈಕೆಲ್ ಪಿಯೆಹೊವ್ಸ್ಕಿ 1979ರಲ್ಲಿ ಈ ಐದನ್ನು ಗಿಫ್ಟೆಡ್ ಮಕ್ಕಳ ಚರ್ಚೆಗೆ ತಂದರು. ಅಲ್ಲಿಂದ ಮುಂದೆ ಐದು ಮಾತ್ರ ಉಳಿದವು, ಸಿದ್ಧಾಂತ ಹಿಂದೆ ಬಿತ್ತು. ಎಷ್ಟೋ ಮನಶ್ಶಾಸ್ತ್ರಜ್ಞರ ಕೈಯಲ್ಲಿ ಅದು ಟಿಕ್ ಹಾಕುವ ಪಟ್ಟಿ ಆಯಿತು. ಈ ಲಕ್ಷಣ ಇದ್ದರೆ ಗಿಫ್ಟೆಡ್ ಅಂತ ಹೇಳುವಷ್ಟು ಪುರಾವೆ ಇಲ್ಲ.

ಪದದ ಕತೆ ಇನ್ನೂ ಇದೆ. ಪೋಲಿಷಿನಲ್ಲಿ ದಾಂಬ್ರೊವ್ಸ್ಕಿ ಬಳಸಿದ್ದು ‘ನಾದ್‌ಪೊಬುದ್ಲಿವೊಶ್ಚ್’. ಇವತ್ತಿನ ಪೋಲಿಷಿನಲ್ಲಿ, ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆಯಾದ ಎಡಿಎಚ್‌ಡಿಗೆ ಇರುವ ಹೆಸರಿನಲ್ಲೂ ಅದೇ ಪದ ಇದೆ! ಅಂದರೆ ತಾಯ್ನುಡಿಯಲ್ಲೇ ಎರಡು ಅರ್ಥ ಅಂಟಿಕೊಂಡಿವೆ. ಹಾಗಿರುವಾಗ ನಮ್ಮ ವರದಿಯಲ್ಲಿ ‘ಅತಿಚಟುವಟಿಕೆ’ ಬಂದದ್ದು ಸಹಜವೇ. ಆದರೆ ಕನ್ನಡದಲ್ಲಿ ‘ಅತಿಚಟುವಟಿಕೆ’ ಎಡಿಎಚ್‌ಡಿಯ ಮಾತಾಗಿ ಆಗಲೇ ನೆಲೆಯಾಗಿದೆ. ಶಾಲೆಯವರು ಅದನ್ನು ಹಾಗೇ ಓದಿಕೊಂಡರು. ನಾನು ಯೋಚಿಸಿದ ಪದ ‘ಅತಿಸ್ಪಂದನೆ’. ಮುಟ್ಟಿದರೆ, ಕೇಳಿದರೆ, ನೋಡಿದರೆ ಜಾಸ್ತಿ ಮಿಡಿಯುವುದು ಅನ್ನುವ ಅರ್ಥಕ್ಕೆ. ಇದಕ್ಕಿಂತ ಹಗುರಾದ ಕನ್ನಡ ಪದ ಇದೆಯಾ?

ಔಷಧಿ ಬೇಡ ಅಂತ ನಾನು ಹೇಳುತ್ತಿಲ್ಲ. ತೀಕ್ಷ್ಣ ಬುದ್ಧಿಯೂ ಎಡಿಎಚ್‌ಡಿಯೂ ಒಂದೇ ಮಗುವಿನಲ್ಲಿ ಇರಬಹುದು. ಒಂದು ಇನ್ನೊಂದನ್ನು ಮುಚ್ಚಿಬಿಡುವುದೂ ಉಂಟು. ಎರಡನ್ನೂ ಬೇರೆ ಬೇರೆ ನೋಡಬೇಕು, ಅದಕ್ಕೆ ಬೇರೆ ಬೇರೆ ಪದ ಬೇಕು. ಮನಶ್ಶಾಸ್ತ್ರಜ್ಞರ ಕಷ್ಟವೂ ನನಗೆ ಅರ್ಥವಾಗುತ್ತದೆ. ಅವರ ತರಬೇತಿ ಹೆಚ್ಚಾಗಿ ಕೊರತೆ ಗುರುತಿಸುವುದಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳ ಪಟ್ಟಿ ಇದೆ, ಅದಕ್ಕೆ ಪ್ರಮಾಣಪತ್ರ ಕೊಡಬೇಕು. ಗಿಫ್ಟೆಡ್ ಅನ್ನುವುದು ಯಾವ ರೋಗಪಟ್ಟಿಯಲ್ಲೂ ಇಲ್ಲ, ಇರಲೂಬಾರದು. ಹಾಗಾಗಿ ಅಂಥ ಮಗು ಎದುರಿಗೆ ಬಂದಾಗ ಕೈಗೆ ಸಿಗುವುದು ಕೊರತೆಯ ಭಾಷೆಯೇ.

ನನಗೆ ಎಲ್ಲಕ್ಕಿಂತ ನಿಜ ಅನ್ನಿಸಿದ್ದು 1991ರಲ್ಲಿ ಅಮೆರಿಕದಲ್ಲಿ ಗಿಫ್ಟೆಡ್ ಮಕ್ಕಳ ಬಗ್ಗೆ ಕೆಲಸ ಮಾಡುವವರ ಕೊಲಂಬಸ್ ಗುಂಪು ಕೊಟ್ಟ ವಿವರಣೆ. ಇಂಥ ಮಕ್ಕಳಲ್ಲಿ ಬುದ್ಧಿ, ಭಾವನೆ, ಮೈ ಎಲ್ಲ ಒಂದೇ ಸಮ ಬೆಳೆಯುವುದಿಲ್ಲ ಅಂತ. ನಮ್ಮ ಹುಡುಗ 1900 ಯಾಕೆ ಅಧಿಕ ವರ್ಷ ಅಲ್ಲ, 2000 ಯಾಕೆ ಹೌದು ಅಂತ ಅವರಪ್ಪನಿಗೆ ಬಿಡಿಸಿ ಹೇಳುತ್ತಾನೆ. ಅದೇ ಸಂಜೆ ಪೆನ್ಸಿಲ್ ಮುಳ್ಳು ಮುರಿಯಿತು ಅಂತ ಅರ್ಧ ಗಂಟೆ ಅಳುತ್ತಾನೆ. ಶೂ ಲೇಸ್ ಇನ್ನೂ ಅಕ್ಕನೇ ಕಟ್ಟಬೇಕು. ಇದನ್ನು ‘ಏರುತಗ್ಗಿನ ಬೆಳವಣಿಗೆ’ ಅನ್ನೋಣವೇ?

ಇನ್ನೊಂದು ಗಮನಿಸಿದೆ. ಇಂಥ ಮಕ್ಕಳು ಮನೆಯಲ್ಲಿ, ಶಾಲೆಯಲ್ಲಿ ನಿಜವಾಗಿ ಕೇಳಿಸಿಕೊಳ್ಳುವ ಕನ್ನಡ ಪದ ‘ಪ್ರತಿಭಾವಂತ’ ಅಲ್ಲ. ‘ಅಧಿಕಪ್ರಸಂಗಿ’, ‘ತಲೆಹರಟೆ’. ಅದನ್ನು ನೆನೆದರೆ ಹೊಟ್ಟೆ ಕಿವುಚುತ್ತದೆ. ಒಳ್ಳೆಯ ಪದ ಒಂದಿದೆ, ‘ಏಕಸಂಥಗ್ರಾಹಿ’. ಒಮ್ಮೆ ಸಂಥೆ ಹೇಳಿದರೆ ಹಿಡಿದುಬಿಡುವವನು. ‘ಏಕಸಂಧಿಗ್ರಾಹಿ’ ಅಂತಲೂ ಕೇಳಿದ್ದೇನೆ. ಆದರೆ ಅದು ನೆನಪಿನ ಶಕ್ತಿಗೆ ಮಾತ್ರ. ಪ್ರಶ್ನೆ ಕೇಳುವ ಮಗುವಿಗೆ, ಬಯ್ಗುಳ ಅಲ್ಲದ ಪದ ನಿಮ್ಮ ಕಡೆ ಯಾವುದಾದರೂ ಇದೆಯಾ? ಕರಾವಳಿ, ಮಲೆನಾಡು, ಹುಬ್ಬಳ್ಳಿ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ.

ಆ ಮನಶ್ಶಾಸ್ತ್ರಜ್ಞರ ಜೊತೆ ಮಾತಾಡಿದೆ. ಸರಿಯಾದ ಪದ ಕೊಟ್ಟರೆ ವರದಿ ತಿದ್ದಿಕೊಡುತ್ತೇನೆ ಅಂದರು. ಅಕ್ಕ ತಿಂಗಳ ಕೊನೆಗೆ ಶಾಲೆಗೆ ಹೋಗಬೇಕು. ನಾನು ಸದ್ಯಕ್ಕೆ ಬರೆದುಕೊಂಡದ್ದು ಇಷ್ಟು, ತಿದ್ದಿ:

“ಮಗುವಿಗೆ ವಯಸ್ಸಿಗೆ ಮೀರಿದ ಗ್ರಹಿಕೆಯ ಹುಟ್ಟುಶಕ್ತಿ ಇದೆ. ಅದು ಪರಿಣತಿ ಆಗಲು ಸಮಯ ಮತ್ತು ಆಸರೆ ಬೇಕು. ಮೈಯಲ್ಲಿ ಅತಿಸ್ಪಂದನೆ ಕಾಣುತ್ತದೆ. ಎಡಿಎಚ್‌ಡಿ ಇದೆಯೋ ಇಲ್ಲವೋ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕು.”